ಸಮಾಧಿ ಕಲ್ಲಿಗೆ 23ನೇ ಕೀರ್ತನೆ: "ಕಾರ್ಗತ್ತಲಿನ ಕಣಿವೆ"ಯೋ, "ಮರಣದ ನೆರಳಿನ ಕಣಿವೆ"ಯೋ?

ಶಲ್ಮಲಾ:

ಹೀಬ್ರೂ ಬಲ್ಲವರು ಯಾರಾದರೂ ಇದ್ದರೆ ಇದನ್ನೊಂದು ಬಗೆಹರಿಸಿಕೊಡಿ. ಮನೆಯಲ್ಲಿ ಒಬ್ಬರಿಗೊಬ್ಬರು ಮಾತು ಬಿಡುವ ಹಂತಕ್ಕೆ ಬಂದಿದೆ.

ಅಜ್ಜ ಹೋಗಿ ವರ್ಷ ತುಂಬುತ್ತ ಬಂತು, ಸಮಾಧಿಗೆ ಕಲ್ಲು ಹಾಕಿಸಬೇಕು. ಹುಬ್ಬಳ್ಳಿಯಲ್ಲಿ ಕರಿ ಗ್ರಾನೈಟ್ ಆರಿಸಿ ಅಡ್ವಾನ್ಸ್ ಕೊಟ್ಟಾಗಿದೆ. ಅಜ್ಜನಿಗೆ ಬೈಬಲಿನ 23ನೇ ಕೀರ್ತನೆ ಅಂದರೆ ಜೀವ. ರಾತ್ರಿ ಕರೆಂಟ್ ಹೋದರೆ ಸಾಕು, ಕಂದೀಲು ಹಚ್ಚಲು ಬಿಡದೆ ಆ ಕತ್ತಲಲ್ಲೇ ನಮ್ಮನ್ನೆಲ್ಲ ಕೂರಿಸಿಕೊಂಡು ಅದನ್ನು ಬಾಯಿಪಾಠ ಹೇಳಿಸುತ್ತಿದ್ದರು. ಹಾಗಾಗಿ ನಾಲ್ಕನೇ ವಚನ ಕೆತ್ತಿಸೋಣ ಅಂತ ಎಲ್ಲರೂ ಒಪ್ಪಿದೆವು. ಒಪ್ಪಿದ್ದು ಅಲ್ಲಿಗೇ ಮುಗಿಯಿತು.

ನಮ್ಮ ಹಳೇ ಸತ್ಯವೇದದಲ್ಲಿ ಇರುವುದು ಹೀಗೆ: "ನಾನು ಕಾರ್ಗತ್ತಲಿನ ಕಣಿವೆಯಲ್ಲಿ ನಡೆಯುವಾಗಲೂ ನೀನು ಹತ್ತಿರವಿರುವದರಿಂದ ಕೇಡಿಗೆ ಹೆದರೆನು." ಅಜ್ಜನ ಬಾಯಲ್ಲಿ ಇದ್ದದ್ದು ಇದೇ, ಇದನ್ನೇ ಹಾಕಿಸಬೇಕು ಅಂತ ಅವ್ವ. ಹ್ಯೂಸ್ಟನ್‌ನಲ್ಲಿರುವ ಕಾಕಾ ಒಪ್ಪುತ್ತಿಲ್ಲ. ಕಲ್ಲಿನ ಖರ್ಚು ಅವರದೇ ಅನ್ನೋದನ್ನೂ ಇಲ್ಲಿ ಹೇಳಿಬಿಡುತ್ತೇನೆ. "ಮೂಲದಾಗ ಮರಣದ ನೆರಳು ಅಂತ ಐತಿ, ಇಂಗ್ಲಿಷ್ ತಗದು ನೋಡ್ರಿ. ನಮ್ಮವರು ಸಾವು ಅನ್ನೋ ಶಬ್ದ ಅಪಶಕುನ ಅಂತ ತಗದು ಬರೇ ಕತ್ತಲು ಮಾಡ್ಯಾರ. ಅಪ್ಪನ ಕಲ್ಲಿನ ಮ್ಯಾಲೆ ತಪ್ಪು ಅನುವಾದ ಬ್ಯಾಡ" ಅಂತ ಪಟ್ಟು ಹಿಡಿದಿದ್ದಾರೆ. ನಮ್ಮ ಚರ್ಚಿನಲ್ಲಿ ಪ್ರಸಂಗ ಮಾಡಲು ಹೊರಗಿನಿಂದ ಬರುವವರು ಕೂಡ "ಮರಣದ ನೆರಳಿನ ಕಣಿವೆ" ಅಂತಲೇ ಹೇಳುವುದನ್ನು ಕೇಳಿದ್ದೇನೆ. ಆಗ ಪುಸ್ತಕದಲ್ಲಿ ಹಾಗಿಲ್ಲವಲ್ಲ ಅನ್ನಿಸುತ್ತಿತ್ತು, ಕೇಳಲು ಹೋಗಿರಲಿಲ್ಲ.

ಕೆತ್ತುವವರು ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ, ಒತ್ತಕ್ಷರಕ್ಕೆ ಬೇರೆ ರೇಟು. ದಿನಾ ಫೋನ್ ಮಾಡಿ "ಮ್ಯಾಟರ್ ಕಳಸ್ರಿ" ಅನ್ನುತ್ತಿದ್ದಾರೆ. ಹೀಬ್ರೂನಲ್ಲಿ ನಿಜವಾಗಿ ಏನಿದೆ? ಕನ್ನಡಕ್ಕೆ ತಂದವರು ಸಾವನ್ನು ಬೇಕಂತಲೇ ಬಿಟ್ಟರೇ?

ಬಲ್ಮಠದ ಮುದುಕ:

ಮಗಳೇ, ಮೊದಲು ನಿನ್ನ ಕಾಕಾನಿಗೆ ಒಂದು ಮಾತು ಹೇಳು. ಅವರು "ಮೂಲ" ಅನ್ನುತ್ತಿರುವುದು 1611ರ ಕಿಂಗ್ ಜೇಮ್ಸ್ ಇಂಗ್ಲಿಷನ್ನು. ಅದೂ ಅನುವಾದವೇ. ನಮ್ಮ ಜನಕ್ಕೆ ಇಂಗ್ಲಿಷಿನಲ್ಲಿ ಇದ್ದದ್ದೆಲ್ಲ ಮೂಲ, ಕನ್ನಡದಲ್ಲಿ ಇದ್ದದ್ದೆಲ್ಲ ನಕಲು. ಸಭೆ ನಡೆಸುತ್ತಿದ್ದಷ್ಟು ಕಾಲವೂ ಇದೇ ರೋಗ ನೋಡಿದೆ. ನಿವೃತ್ತನಾದ ಮೇಲೂ ಬಿಟ್ಟಿಲ್ಲ.

ಈಗ ಹೀಬ್ರೂಗೆ ಬರೋಣ. ಅಲ್ಲಿರುವುದು ಐದು ಅಕ್ಷರ: ತ್ಸಾದೆ, ಲಾಮೆದ್, ಮೇಮ್, ವಾವ್, ತಾವ್. ಕನ್ನಡದ ಹಾಗೆ ಕಾಗುಣಿತ ಇಲ್ಲ, ಬರೀ ವ್ಯಂಜನ. ತ್ಸ-ಲ-ಮ-ವ-ತ. ಸ್ವರವನ್ನು ಓದುವವನೇ ತುಂಬಿಕೊಳ್ಳಬೇಕು. ಈ ಐದರಲ್ಲಿ ತಂಟೆಕೋರ ಎಂದರೆ ವಾವ್. ಅದನ್ನು "ವ" ಎಂದೂ ಓದಬಹುದು, "ಊ" ಎಂಬ ಸ್ವರವಾಗಿಯೂ ಓದಬಹುದು. "ವ" ಎಂದರೆ ತ್ಸಲ್ಮಾವೆತ್: ತ್ಸೇಲ್ ಅಂದರೆ ನೆರಳು, ಮಾವೆತ್ ಅಂದರೆ ಸಾವು. "ಊ" ಎಂದರೆ ತ್ಸಲ್ಮೂತ್: ಕಪ್ಪಾಗು, ಕತ್ತಲಾಗು ಎಂಬ ಧಾತುವಿನಿಂದ ಬಂದ ಪದ, ದಟ್ಟ ಕತ್ತಲು. ನಿಮ್ಮ ಮನೆಯ ಜಗಳ ಪೂರ್ತಿ ಆ ಒಂದು ವಾವ್‌ನದು.

ಇವತ್ತು ಅಚ್ಚಾಗುವ ಹೀಬ್ರೂ ಬೈಬಲಿನಲ್ಲಿ ಅಕ್ಷರದ ಕೆಳಗೆ ಮೇಲೆ ಚುಕ್ಕೆ ಗೆರೆ ಇರುತ್ತವಲ್ಲ, ಅವು ಸ್ವರಚಿಹ್ನೆಗಳು. ಗಲಿಲಾಯದ ತಿಬೇರಿಯ ಊರಿನ ಮಸೊರೆಟ್ ಪಂಡಿತರು 7ರಿಂದ 10ನೇ ಶತಮಾನದ ಒಳಗೆ ಅವನ್ನು ಕೂಡಿಸಿದರು. ಅವರು ಗುರುತು ಹಾಕಿದ್ದು ತ್ಸಲ್ಮಾವೆತ್ ಅಂತ. ಅಂದರೆ ನಿಮ್ಮ ಕಾಕಾನ ಪಕ್ಷ. ಆದರೆ ಕೀರ್ತನೆ ಹುಟ್ಟಿ ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ ಹಾಕಿದ ಗುರುತು ಅದು.

ಹಾಗಾದರೆ ಕತ್ತಲು ಎಂಬುದು ಹೊಸಬರ ಕಟ್ಟುಕತೆಯೋ? ಅಲ್ಲ. ಫ್ರಾನ್ಸಿನ ತ್ರುವಾ ಊರಿನ ರಾಶಿ (1040–1105), ಯೆಹೂದ್ಯರಿಗೆ ವ್ಯಾಖ್ಯಾನಕಾರ ಎಂದರೆ ಅವನೇ, ಈ ವಚನಕ್ಕೆ "ಕತ್ತಲ ನಾಡಿನಲ್ಲಿ" ಎಂದೇ ಅರ್ಥ ಬರೆದಿದ್ದಾನೆ. ದಾವೀದ ಜೀಫ್ ಅರಣ್ಯದಲ್ಲಿ ಅಡಗಿದ್ದಾಗ ಹೇಳಿದ್ದು ಎಂದು ಜಾಗವನ್ನೂ ಗುರುತಿಸುತ್ತಾನೆ. ಈ ಪದ ಎಲ್ಲಿ ಬಂದರೂ ಕತ್ತಲೆಂದೇ ಅರ್ಥ ಎಂದು ತನಗಿಂತ ಮುಂಚಿನ ದೂನಾಶ್ ಬೆನ್ ಲಬ್ರಾತ್ ಹೇಳಿದ್ದನ್ನೂ ನೆನೆಯುತ್ತಾನೆ. ದೂನಾಶ್ 10ನೇ ಶತಮಾನದವನು, ಸ್ಪೇನಿನ ಕಾರ್ಡೊಬಾದಲ್ಲಿದ್ದ ವ್ಯಾಕರಣಿ. ಅವನಿಗೆ ಅರಬಿ ಚೆನ್ನಾಗಿ ಗೊತ್ತಿತ್ತು, ಅದರಿಂದಲೇ ಹೀಬ್ರೂ ಪದಗಳ ಬೇರು ಹಿಡಿಯುತ್ತಿದ್ದ.

ಇನ್ನು ಕನ್ನಡದವರು ಅಪಶಕುನಕ್ಕೆ ಹೆದರಿದರು ಎಂಬ ಮಾತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಇವರು ದುಡಿದು ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರ ಹೊತ್ತಿಗೆ. ಆಮೇಲೆ ಬಾಸೆಲ್ ಮಿಷನ್ನಿನವರೂ ಕೈ ಹಾಕಿ ತಿದ್ದಿದರು. ಅವರು ಸಾವಿನ ಹೆಸರೆತ್ತಲು ಅಂಜುವವರಾಗಿದ್ದರೆ ಅದೇ ಪುಸ್ತಕದಲ್ಲಿ ಪುಟಕ್ಕೊಂದು ಸಾವು ಯಾಕಿರುತ್ತಿತ್ತು?

ಇನ್ನೊಂದು ತಮಾಷೆ. ಇಂಗ್ಲಿಷಿನವರೇ ಈಗ ನಿಮ್ಮ ಅವ್ವನ ಪಕ್ಷಕ್ಕೆ ಬಂದಿದ್ದಾರೆ. ಅಮೆರಿಕದ ಚರ್ಚುಗಳಲ್ಲಿ ಬಹಳ ಓಡಾಡುವ ಎನ್‌ಐವಿ ಎಂಬ ಇಂಗ್ಲಿಷ್ ಅನುವಾದದ 1984ರ ಆವೃತ್ತಿಯಲ್ಲಿ ಸಾವಿನ ನೆರಳೇ ಇತ್ತು. 2011ರ ಆವೃತ್ತಿಯಲ್ಲಿ ಅದನ್ನು ತೆಗೆದು "ಅತಿ ಕತ್ತಲಿನ ಕಣಿವೆ" ಎಂಬ ಅರ್ಥ ಬರುವಂತೆ ತಿದ್ದಿದರು. 1989ರ ಎನ್‌ಆರ್‌ಎಸ್‌ವಿ ಎಂಬ ಇನ್ನೊಂದು ಅನುವಾದವೂ ಹಾಗೆಯೇ. ಯೆಹೂದ್ಯರದೇ 1985ರ ಇಂಗ್ಲಿಷ್ ತನಖ್ (ಅವರ ಹೀಬ್ರೂ ಬೈಬಲಿನ ಹೆಸರು) ಕೂಡ ಕಡುಗತ್ತಲು ಎನ್ನುತ್ತದೆ. ಕಾಕಾ ತಮ್ಮ ಚರ್ಚಿನ ಬೆಂಚಿನಲ್ಲಿರುವ ಪುಸ್ತಕವನ್ನೇ ಒಮ್ಮೆ ತೆರೆದು ನೋಡಲಿ.

ಸ್ವರವ್ಯಂಜನ:

ಅಯ್ಯನವರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ತಕ್ಕಡಿ ಒಂದೇ ಕಡೆ ವಾಲಿದ ಹಾಗೆ ಕಂಡಿತು. ನಾನು ಭಾಷಾವಿಜ್ಞಾನದವನು, ಹೀಬ್ರೂ ಓದಿದ್ದು ಅಷ್ಟಕ್ಕಷ್ಟೆ. ಆದರೂ ಇದನ್ನು ಹೇಳಲೇಬೇಕು.

ಸಾವಿನ ನೆರಳು ಎಂಬ ಓದು ಮಸೊರೆಟರು ಹುಟ್ಟಿಸಿದ್ದಲ್ಲ. ಅವರಿಗಿಂತ ಎಷ್ಟೋ ಶತಮಾನ ಮೊದಲೇ, ಕ್ರಿಸ್ತನಿಗೂ ಮುಂಚೆ, ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದ ಸೆಪ್ಟುಅಜಿಂಟ್‌ನಲ್ಲಿ ಇದೇ ವಚನಕ್ಕೆ "ಸ್ಕಿಯಾ ಥನಾತೂ" ಎಂದಿದೆ. ಅಕ್ಷರಶಃ ಸಾವಿನ ನೆರಳು. ಅಂದರೆ ಹೀಬ್ರೂ ಇನ್ನೂ ಜನರ ಕಿವಿಯಲ್ಲಿದ್ದ ಕಾಲದಲ್ಲೇ ಕೆಲವರಾದರೂ ಇದನ್ನು "ತ್ಸಲ್ಮಾವೆತ್" ಎಂದು ಕೇಳುತ್ತಿದ್ದರು. ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೆಶಾಯನ ಮಾತನ್ನು ಎತ್ತಿ ಹೇಳುವಾಗಲೂ ಗ್ರೀಕಿನಲ್ಲಿ ಸಾವು, ನೆರಳು ಎರಡೂ ಇವೆ. ಶಲ್ಮಲಾ ಅವರ ಕಾಕಾ ಬರೀ ಕಿಂಗ್ ಜೇಮ್ಸ್ ನೆಚ್ಚಿಕೊಂಡು ಮಾತಾಡಿರಬಹುದು, ಆದರೆ ಅವರ ಬೆನ್ನಿಗೆ ಎರಡು ಸಾವಿರ ವರ್ಷದ ಓದು ಇದೆ.

ಅದಕ್ಕೆ ಎದುರು ವಾದವೂ ಗಟ್ಟಿ. ಹೀಬ್ರೂನಲ್ಲಿ ಎರಡು ನಾಮಪದ ಬೆಸೆದು ಒಂದು ಮಾಡುವ ಪದ್ಧತಿ ಊರು, ಜನರ ಹೆಸರುಗಳನ್ನು ಬಿಟ್ಟರೆ ಬಹಳ ಅಪರೂಪ. ಆದಿಕಾಂಡ 10ರಲ್ಲಿ ಹಚರ್ಮಾವೆತ್ ಎಂಬ ಹೆಸರು ಬರುತ್ತದೆ, ಯೆಮೆನ್ನಿನ ಹದ್ರಮೌತ್ ಅದೇ ಎನ್ನುತ್ತಾರೆ. ಅಲ್ಲಿ ಮಾವೆತ್ ಇದೆ, ಆದರೆ ಅದು ಹೆಸರು. ನಮಗೆ ಕಾರ್ ಮತ್ತು ಕತ್ತಲು ಸೇರಿ ಕಾರ್ಗತ್ತಲು ಆಗುವುದು ಉಸಿರಾಡಿದಷ್ಟು ಸಲೀಸು. ಹೀಬ್ರೂಗೆ ಹಾಗಲ್ಲ.

ಮೂರನೆಯ ದಾರಿಯೂ ಒಂದಿದೆ, ನನಗೆ ಒಪ್ಪಿಗೆಯಾಗುವುದು ಅದೇ. ಹೀಬ್ರೂನಲ್ಲಿ ಸಾವನ್ನು "ಅತಿಯಾದ" ಎಂಬ ಅರ್ಥಕ್ಕೂ ಬಳಸುತ್ತಾರೆ. ದೆಲೀಲಳು ಪೀಡಿಸಿ ಪೀಡಿಸಿ ಸಂಸೋನನಿಗೆ ಸಾಯುವಷ್ಟು ಬೇಸರವಾಯಿತು ಎಂದು ನ್ಯಾಯಸ್ಥಾಪಕರು 16ರಲ್ಲಿ ಬರುತ್ತದಲ್ಲ, ಹಾಗೆ. ನಾವೂ "ಸಾಯೋಷ್ಟು ಕೆಲಸ" ಎನ್ನುತ್ತೇವೆ, ಯಾರೂ ಸಾಯುವುದಿಲ್ಲ. ಆ ಲೆಕ್ಕದಲ್ಲಿ ತ್ಸಲ್ಮಾವೆತ್ ಎಂದೇ ಓದಿದರೂ ಅರ್ಥ "ಸಾಯುವಂಥ ಕತ್ತಲು" ಎಂದಾಗುತ್ತದೆ. ಅವ್ವ, ಕಾಕಾ ಇಬ್ಬರೂ ಗೆದ್ದ ಹಾಗೆ.

ಗೋಳಗುಮ್ಮಟ:

ಅಯ್ಯನವರು ಅರಬಿ ಎಂದದ್ದಕ್ಕೆ ಒಂದು ಸಣ್ಣ ಸೇರ್ಪಡೆ. ನಮ್ಮ ಮನೆಮಾತು ಉರ್ದು. "ಜುಲ್ಮತ್" ಎಂದರೆ ನಮ್ಮಲ್ಲಿ ಕತ್ತಲು, ಶಾಯರಿಯಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಅದೇ ಅರಬಿ ಧಾತುವಿನಿಂದ "ಜುಲ್ಮ್". ನೀವು ಕನ್ನಡದಲ್ಲಿ ದಿನಾ ಹೇಳುವ "ಜುಲುಮೆ" ಅದೇ. ತ್ಸಲ್ಮೂತ್, ಜುಲ್ಮತ್ ಎರಡನ್ನೂ ಒಟ್ಟಿಗೆ ಬಾಯಲ್ಲಿ ಹೇಳಿ ನೋಡಿ.

ಸತ್ಯವಾಕ್ಯ:

ಇಷ್ಟೆಲ್ಲ ಚರ್ಚೆ ಯಾಕೆ ಅಂತ ಅರ್ಥ ಆಗ್ತಿಲ್ಲ. ದೇವರ ವಾಕ್ಯಕ್ಕೆ ಪದಕ್ಕೆ ಪದ ಅನುವಾದ ಮಾಡಿದರೆ ಯಾವ ಗೊಂದಲವೂ ಇರಲ್ಲ. ಮನುಷ್ಯರು ತಮ್ಮ ಬುದ್ಧಿ ಉಪಯೋಗಿಸಿದಾಗಲೇ ಸಮಸ್ಯೆ.

ಬಲ್ಮಠದ ಮುದುಕ:

ಸತ್ಯವಾಕ್ಯರೇ, ಪದಕ್ಕೆ ಪದ ಮಾಡೋಣ, ಸಂತೋಷ. ಯೋಬನ ಗ್ರಂಥ 2ನೇ ಅಧ್ಯಾಯ 9ನೇ ವಚನದಿಂದಲೇ ಶುರುಮಾಡಿ. ಮಕ್ಕಳು ಸತ್ತು, ಆಸ್ತಿ ಹೋಗಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತ ಗಂಡನಿಗೆ ಯೋಬನ ಹೆಂಡತಿ ಹೇಳುವ ಮಾತು. ಹೀಬ್ರೂನಲ್ಲಿ ಇರುವುದು "ಬಾರೇಖ್ ಎಲೋಹೀಮ್ ವಾಮುತ್". ಬಾರೇಖ್ ಅಂದರೆ ಹರಸು, ಸ್ತುತಿಸು. ಪದಕ್ಕೆ ಪದ ಎಂದರೆ "ದೇವರನ್ನು ಸ್ತುತಿಸು, ಸಾಯಿ". ಅದಕ್ಕೆ ಯೋಬ ಏನನ್ನುತ್ತಾನೆ? ಮೂರ್ಖಳಂತೆ ಮಾತಾಡುತ್ತೀ ಎಂದು ಗದರುತ್ತಾನೆ. ದೇವರನ್ನು ಸ್ತುತಿಸು ಎಂದವಳಿಗೆ ಬೈಗುಳವೇ?

1 ಅರಸುಗಳು 21 ನೋಡಿ. ನಾಬೋತನ ದ್ರಾಕ್ಷೇತೋಟ ಹೊಡೆಯಲು ಈಜೆಬೆಲಳು ಸುಳ್ಳುಸಾಕ್ಷಿ ಹೂಡುತ್ತಾಳೆ. ಸಾಕ್ಷಿಗಳು ಹೇಳುವುದು, ಹೀಬ್ರೂನಲ್ಲಿ ಇದ್ದ ಹಾಗೆ, "ನಾಬೋತನು ದೇವರನ್ನೂ ಅರಸನನ್ನೂ ಹರಸಿದನು" ಅಂತ. ಆ ತಪ್ಪಿಗೆ ಅವನನ್ನು ಊರಾಚೆ ಕರೆದೊಯ್ದು ಕಲ್ಲೆಸೆದು ಕೊಲ್ಲುತ್ತಾರೆ.

ವಿಷಯ ಇಷ್ಟೆ: "ದೇವರನ್ನು ಶಪಿಸು" ಎಂಬ ಎರಡು ಪದವನ್ನು ಅಕ್ಕಪಕ್ಕ ಬರೆಯಲು ಅವರಿಗೆ ಕೈ ಬರಲಿಲ್ಲ, ಶಪಿಸು ಇರಬೇಕಾದಲ್ಲಿ ಹರಸು ಎಂದು ಬರೆದರು. ಓದುವವನಿಗೆ ಗೊತ್ತಾಗುತ್ತದೆ. ನಮ್ಮ ಹೆಂಗಸರು ಬಳೆ ಒಡೆದರೆ "ಬಳೆ ಹೆಚ್ಚಿತು" ಅನ್ನುವುದಿಲ್ಲವೇ? ದೀಪ ಆರಿಸು ಎನ್ನದೆ "ದೀಪ ದೊಡ್ಡದು ಮಾಡು" ಅನ್ನುವುದಿಲ್ಲವೇ? ಅದನ್ನು ಯಾರಾದರೂ ಪದಕ್ಕೆ ಪದ ಹೀಬ್ರೂಗೆ ಮಾಡಿದರೆ ಆ ಊರಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಯೋಬನ ಹೆಂಡತಿ ನಿಜವಾಗಿಯೂ "ದೇವರನ್ನು ಸ್ತುತಿಸಿ ನೆಮ್ಮದಿಯಾಗಿ ಸಾಯಿ" ಅಂದಳು ಎಂದು ಓದುವವರೂ ಇದ್ದಾರೆ, ಅಲ್ಲಗಳೆಯುವುದಿಲ್ಲ. ಆ ಹೆಂಗಸಿನ ಬಗ್ಗೆ ನನಗೂ ಕನಿಕರವಿದೆ, ಅವಳೂ ಅಷ್ಟೂ ಮಕ್ಕಳನ್ನು ಕಳಕೊಂಡವಳಲ್ಲವೇ. ಆದರೆ ಬುದ್ಧಿ ಉಪಯೋಗಿಸದೆ ಈ ವಚನ ದಾಟುವ ಹಾಗಿಲ್ಲ.

ಸೈನೈಡ್ ದಿಬ್ಬ:

ನಾನು ಕೆಜಿಎಫ್‌ನವನು. ಯೋಬನ ಹೆಸರು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸದಲ್ಲಿದ್ದರು. ಮೂರು ಕಿಲೋಮೀಟರಿಗೂ ಮೀರಿ ಕೆಳಗಿಳಿಯುತ್ತಿದ್ದ ಗಣಿ ಅದು, 2001ರಲ್ಲಿ ಮುಚ್ಚಿತು. ನಮ್ಮ ಚರ್ಚಿನಲ್ಲಿ ಗಣಿಯವರ ಆರಾಧನೆ ಎಂದರೆ ಯೋಬ 28ನೇ ಅಧ್ಯಾಯ ಓದುತ್ತಿದ್ದರು. ಬೆಳ್ಳಿಗೆ ಗಣಿಯುಂಟು, ಬಂಗಾರಕ್ಕೆ ಸ್ಥಳವುಂಟು ಎಂದು ಶುರುವಾಗುತ್ತದೆ. ಜನ ಕಾಲಿಡದ ಕಡೆ ಸುರಂಗ ತೋಡಿ, ಮನುಷ್ಯರಿಂದ ದೂರ ತೂಗಾಡುತ್ತಾ ಕೆಲಸ ಮಾಡುವವರ ಮಾತು ಬರುತ್ತದೆ. ಇಡೀ ಬೈಬಲಿನಲ್ಲಿ ನಮ್ಮ ಬಗ್ಗೆ ಇರುವ ಅಧ್ಯಾಯ ಇದೊಂದೇ ಅಂತ ಅಪ್ಪ ಹೆಮ್ಮೆಪಡುತ್ತಿದ್ದರು.

ಅದರ 3ನೇ ವಚನದಲ್ಲಿ, ಅದಿರು ಇರುವ ಕಗ್ಗತ್ತಲಿನ ಜಾಗಕ್ಕೆ ಹೀಬ್ರೂನಲ್ಲಿ ಇದೇ ತ್ಸಲ್ಮಾವೆತ್ ಪದ ಇದೆ ಎಂದು ನಮ್ಮ ಪಾಸ್ಟರ್ ಒಮ್ಮೆ ಹೇಳಿದ್ದು ನೆನಪಿದೆ. ಅಯ್ಯನವರು ಸರಿಯೋ ತಪ್ಪೋ ಹೇಳಬೇಕು. ಸರಿ ಎಂದಾದರೆ ನನ್ನ ಓಟು ಕತ್ತಲಿಗೆ. ಯಾಕೆಂದರೆ ಗಣಿಯೊಳಗೆ ಟೋಪಿಯ ಲ್ಯಾಂಪ್ ಆರಿತು ಎಂದರೆ ನೆರಳು ಎಂಬುದೇ ಇರುವುದಿಲ್ಲ. ಕೈಯನ್ನು ಕಣ್ಣಿಗೆ ತಾಗಿಸಿದರೂ ಕೈ ಕಾಣದು ಅಂತ ಅಪ್ಪ ಹೇಳುತ್ತಿದ್ದರು. ನೆರಳು ಬೀಳಲು ಎಲ್ಲೋ ಒಂದು ಕಡೆ ಬೆಳಕು ಇರಬೇಕಲ್ಲ?

ಇನ್ನೊಂದು. ನಮ್ಮ ಕಡೆ ಒಂದೇ ಬೀದಿಯಲ್ಲಿ ಮೂರು ಬೈಬಲ್. ಮನೆಯಲ್ಲಿ ತಮಿಳು, ಪಕ್ಕದವರು ತೆಲುಗು, ಸ್ಕೂಲಲ್ಲಿ ಕನ್ನಡ. ತೆಲುಗಿನಲ್ಲಿ "ಗಾಢಾಂಧಕಾರಪು ಲೋಯ". ಕನ್ನಡದ ಹಾಗೆಯೇ ಬರೀ ಕತ್ತಲು. ತಮಿಳಿನಲ್ಲಿ "ಮರಣ ಇರುಳಿನ್ ಪಳ್ಳತ್ತಾಕ್ಕು". ಮರಣವೂ ಇದೆ, ಇರುಳೂ ಇದೆ, ನೆರಳಿಲ್ಲ. ಸ್ವರವ್ಯಂಜನ ಅವರು ಹೇಳಿದ ಮೂರನೆಯ ದಾರಿ ನಮ್ಮ ತಮಿಳಿನವರು ಯಾವತ್ತೋ ಹಿಡಿದಿದ್ದಾರೆ.

ಬಲ್ಮಠದ ಮುದುಕ:

ನಿಮ್ಮ ಪಾಸ್ಟರ್ ಹೇಳಿದ್ದು ಸರಿ. ಈ ಪದ ಹಳೆ ಒಡಂಬಡಿಕೆಯಲ್ಲಿ ಒಟ್ಟು 18 ಸಲ ಬರುತ್ತದೆ. ಅದರಲ್ಲಿ 10 ಸಲ ಯೋಬನ ಗ್ರಂಥದಲ್ಲೇ. ಒಂದೊಂದು ಜಾಗವನ್ನೂ ಹಾಗೆಯೇ ಒರೆಗೆ ಹಚ್ಚಬೇಕು. ಗಣಿಯಲ್ಲಿ ಕತ್ತಲೇ ಹೊಂದುತ್ತದೆ. ಆಮೋಸ 5:8ರಲ್ಲಿ ದೇವರು ತ್ಸಲ್ಮಾವೆತ್ತನ್ನು ಬೆಳಗಾಗಿ ಮಾಡುತ್ತಾನೆ ಎಂದಿದೆ. ಅಲ್ಲೂ ಕತ್ತಲೇ, ದಿನಾ ನಡೆಯುವ ರಾತ್ರಿ ಬೆಳಗಿನ ಮಾತು ಅದು. ಆದರೆ ಯೋಬ 38:17ಕ್ಕೆ ಬನ್ನಿ. "ಮರಣದ ಬಾಗಿಲು" ಒಂದು ಸಾಲಿನಲ್ಲಿ, ಅದಕ್ಕೆ ಜೋಡಿಯಾಗಿ ಮುಂದಿನ ಸಾಲಿನಲ್ಲಿ "ತ್ಸಲ್ಮಾವೆತ್ತಿನ ಬಾಗಿಲು". ಅಲ್ಲಿ ಸಾವನ್ನು ಹೊರಗಿಡಲು ನನ್ನಿಂದ ಆಗುವುದಿಲ್ಲ. ಕವಿಗಳು ಆ ಪದದೊಳಗೆ ಮಾವೆತ್ ಎಂಬ ಸದ್ದನ್ನು ಕೇಳಿಸಿಕೊಂಡೇ ಬಳಸಿದ್ದಾರೆ ಎಂದು ನನಗನ್ನಿಸುತ್ತದೆ, ಬೇರು ಯಾವುದೇ ಇರಲಿ.

ಕೀರ್ತನೆಯ ಕಣಿವೆಗೆ ಹೀಬ್ರೂ ಪದ "ಗೇಯ್". ನಮ್ಮ ಮಲೆನಾಡಿನ ಹಸಿರು ಕಣಿವೆಯಲ್ಲ. ಎರಡೂ ಕಡೆ ಬಂಡೆ ಗೋಡೆ, ನಡುವೆ ಇಕ್ಕಟ್ಟು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವಾಗ ಗೈಡುಗಳು ವಾದಿ ಕೆಲ್ಟ್ ಎಂಬ ಕಮರಿ ತೋರಿಸಿ "ಇದೇ ಆ ಕಣಿವೆ" ಎನ್ನುತ್ತಾರೆ. ಅದಕ್ಕೆ ಆಧಾರವೇನೂ ಇಲ್ಲ, ರಾಶಿ ಹೇಳಿದ ಜೀಫ್ ಇರುವುದು ಹೆಬ್ರೋನಿನ ತೆಂಕಣಕ್ಕೆ. ಆದರೆ ಆ ಕಮರಿ ನೋಡಿದರೆ ಕುರಿ ಹೊಡೆದುಕೊಂಡು ಹೋಗುವವನು ಯಾವುದಕ್ಕೆ ಹೆದರುತ್ತಿದ್ದ ಎಂದು ತಿಳಿಯುತ್ತದೆ.

ಶಲ್ಮಲಾ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಡೀ ಥ್ರೆಡ್ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕಾಕಾ ತಮ್ಮ ಚರ್ಚಿನ ಪುಸ್ತಕ ತೆಗೆದು ನೋಡಿದರಂತೆ, ಅದರಲ್ಲಿ ನೆರಳಿಲ್ಲ. "ಸೆಪ್ಟುಅಜಿಂಟ್‌ನಲ್ಲಿ ಐತಲ್ಲ" ಅಂತ ಈಗ ಅದನ್ನು ಹಿಡಿದುಕೊಂಡಿದ್ದಾರೆ. ಮೊನ್ನೆಯವರೆಗೆ ಆ ಹೆಸರೇ ಅವರಿಗೆ ಗೊತ್ತಿರಲಿಲ್ಲ.

ಜಗಳ ಬೇಡ, ಕಡೇ ವಚನ ಹಾಕಿಬಿಡೋಣ ಅಂತ ಅತ್ತೆ ಹೇಳುತ್ತಿದ್ದಾರೆ: "ಸದಾಕಾಲವೂ ಯೆಹೋವನ ಮಂದಿರದಲ್ಲಿ ವಾಸಿಸುವೆನು." ಸಮಾಧಿಗೂ ಹೊಂದುತ್ತದೆ. ಅಯ್ಯನವರೇ, ಅದರಲ್ಲಿ ಏನೂ ತಕರಾರಿಲ್ಲ ತಾನೇ?

ಬಲ್ಮಠದ ಮುದುಕ:

ಮಗಳೇ, ಅತ್ತೆಗೆ ಹೇಳು, ಅವರು ಬಾಣಲೆಯಿಂದ ಬೆಂಕಿಗೆ ಹಾರುತ್ತಿದ್ದಾರೆ.

"ವಾಸಿಸುವೆನು" ಎಂಬಲ್ಲಿ ಹೀಬ್ರೂನ ಸ್ವರಚಿಹ್ನೆಯ ಪ್ರಕಾರ ಇರುವುದು "ವೆಶವ್ತಿ". ಅಂದರೆ "ಹಿಂತಿರುಗುವೆನು". ವಾಸಿಸು ಎನ್ನುವುದಕ್ಕೆ ಧಾತು ಬೇರೆ, ಆದರೆ ವ್ಯಂಜನ ಬಹಳ ಹತ್ತಿರ. ಗ್ರೀಕಿಗೆ ತಂದವರು ವಾಸ ಎಂದೇ ಓದಿದರು, ಕನ್ನಡದವರೂ ಹೆಚ್ಚಿನವರೂ ಅದೇ ದಾರಿ. ಇನ್ನು "ಸದಾಕಾಲ". ಹೀಬ್ರೂನಲ್ಲಿ ಇರುವುದು "ಲೆಓರೆಖ್ ಯಾಮೀಮ್", ದಿನಗಳ ಉದ್ದಕ್ಕೂ. ಬದುಕಿರುವಷ್ಟು ದಿನವೂ ದೇವಾಲಯಕ್ಕೆ ಬಂದು ಹೋಗುತ್ತಿರುವೆನು ಎಂದು ಓದಿದರೆ ವ್ಯಾಕರಣ ಅಡ್ಡ ಬರುವುದಿಲ್ಲ. ಯೆಹೂದ್ಯರ ಆ ಇಂಗ್ಲಿಷ್ ತನಖ್ "ಬಹುದೀರ್ಘ ವರ್ಷಗಳು" ಎಂಬರ್ಥದಲ್ಲೇ ಹೇಳುತ್ತದೆ. ಸತ್ತ ಮೇಲಿನ ಮಾತು ಎಂದು ನಾವು ಓದುತ್ತೇವೆ, ಓದಬಾರದು ಎಂದಲ್ಲ. ಆದರೆ ನಿನ್ನ ಕಾಕಾನಿಗೆ ಇದು ಗೊತ್ತಾದರೆ ಕಲ್ಲು ಇನ್ನೊಂದು ವರ್ಷ ಹುಬ್ಬಳ್ಳಿಯಲ್ಲೇ ಇರುತ್ತದೆ.

ಅದೇ ವಚನದಲ್ಲಿ ಶುಭವೂ ಕೃಪೆಯೂ "ಹಿಂಬಾಲಿಸುವವು" ಎಂದಿದೆಯಲ್ಲ, ಅಲ್ಲಿ ಕನ್ನಡ ಸ್ವಲ್ಪ ಮೆತ್ತಗಾಯಿತು ಎಂದು ನನ್ನ ಅಭಿಪ್ರಾಯ. ಹೀಬ್ರೂ ಕ್ರಿಯಾಪದ "ರಾದಫ್". ಫರೋಹನ ರಥಗಳು ಇಸ್ರಾಯೇಲ್ಯರ ಬೆನ್ನಟ್ಟಿದ್ದಕ್ಕೂ ಅದೇ ಪದ. ಐದನೇ ವಚನದಲ್ಲಿ ವೈರಿಗಳ ಎದುರಿಗೇ ಊಟಕ್ಕೆ ಕೂತವನನ್ನು ಈಗ ಬೆನ್ನಟ್ಟಿ ಬರುತ್ತಿರುವುದು ಶುಭ ಮತ್ತು ಕೃಪೆ!

ಆದರೆ ಮೂರನೇ ವಚನದ "ನನ್ನ ಪ್ರಾಣವನ್ನು" ಎಂಬಲ್ಲಿ ಕನ್ನಡ ಇಂಗ್ಲಿಷಿಗಿಂತ ಒಂದು ತೂಕ ಹೆಚ್ಚು. ಹೀಬ್ರೂನ "ನೆಫೆಷ್" ದೇಹ ಬಿಟ್ಟು ಹಾರುವ ಆತ್ಮವಲ್ಲ. ಉಸಿರು, ಜೀವ, ಕೆಲವು ಕಡೆ ಗಂಟಲು ಎಂದೇ ಅರ್ಥ. 69ನೇ ಕೀರ್ತನೆಯ ಶುರುವಿನಲ್ಲಿ ನೀರು ನೆಫೆಷ್‌ವರೆಗೆ ಏರಿತು ಎಂದರೆ ಕುತ್ತಿಗೆ ಮಟ್ಟ ಬಂತು ಎಂದು. ಪ್ರಾಣ ಎಂದಾಗ ನಮಗೂ ಮೊದಲು ಹೊಳೆಯುವುದು ಉಸಿರೇ.

ದುಡ್ಡಿನ ಮಾತೂ ಬಂದಿದೆಯಲ್ಲ. ಮೊದಲನೇ ವಚನ ಹಾಕಿಸು. ಹೀಬ್ರೂನಲ್ಲಿ ನಾಲ್ಕೇ ಪದ. ಕನ್ನಡದಲ್ಲೂ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂದು ನಾಲ್ಕೇ ಪದ. ಇಂಗ್ಲಿಷಿಗೆ ಒಂಬತ್ತು ಬೇಕು. "ಆಗಿದ್ದಾನೆ" ಎಂದು ಸೇರಿಸುವ ಅಗತ್ಯ ನಮಗೂ ಇಲ್ಲ, ಹೀಬ್ರೂಗೂ ಇಲ್ಲ. "ನಾನು" ಎಂಬುದು ಎರಡರಲ್ಲೂ ಕ್ರಿಯಾಪದದ ಒಳಗೇ ಇದೆ.

ಸೈನೈಡ್ ದಿಬ್ಬ:

ಅಕ್ಕಾ, ಅಜ್ಜನಿಗೆ ಇಷ್ಟವಿದ್ದದ್ದು ನಾಲ್ಕನೇ ವಚನ ಎಂದಿರಿ. ಹಾಗಾದರೆ ಅದರ ಅರ್ಧ ಮಾತ್ರ ಹಾಕಿದರೆ? "ನೀನು ಹತ್ತಿರವಿರುವದರಿಂದ ಕೇಡಿಗೆ ಹೆದರೆನು." ಕಣಿವೆಯೂ ಇಲ್ಲ, ಕತ್ತಲೂ ಇಲ್ಲ, ನೆರಳೂ ಇಲ್ಲ. ಅಕ್ಷರವೂ ಕಡಿಮೆ.

ಬಲ್ಮಠದ ಮುದುಕ:

ಇದು ನನಗೆ ಹೊಳೆಯಲಿಲ್ಲ ನೋಡಿ. ಈ ಸಾಲಿನ ಹೀಬ್ರೂ ಬಗ್ಗೆ ಯಾರಿಗೂ ಜಗಳವಿಲ್ಲ: "ಕೀ ಅತ್ತಾ ಇಮ್ಮಾದೀ", ಯಾಕೆಂದರೆ ನೀನು ನನ್ನ ಸಂಗಡ. ಅದಕ್ಕಿಂತ ಮುಂಚಿನ ಮೂರು ವಚನದಲ್ಲಿ ದೇವರು "ಆತನು": ತಂಗಿಸುತ್ತಾನೆ, ನಡಿಸುತ್ತಾನೆ. ಕತ್ತಲು ಬಂದ ಕೂಡಲೇ "ನೀನು" ಆಗಿಬಿಡುತ್ತಾನೆ. ಆ "ನೀನು" ಕನ್ನಡದಲ್ಲೂ ಹಾಗೇ ಉಳಿದಿದೆ. ಇದಕ್ಕೆ ನನ್ನ ಒಪ್ಪಿಗೆ.

ಕರಡು:

ಪ್ರೂಫ್ ನೋಡುವುದೇ ನನ್ನ ಕೆಲಸ, ಹಾಗಾಗಿ ಹೀಬ್ರೂ ಬಿಟ್ಟು ಕನ್ನಡದ ಬಗ್ಗೆ ಎಚ್ಚರಿಕೆ ಹೇಳುತ್ತೇನೆ. ಕೆತ್ತುವ ಅಂಗಡಿಯವರು ಮ್ಯಾಟರನ್ನು ಕಂಪ್ಯೂಟರಿನಲ್ಲಿ ಮತ್ತೆ ಟೈಪ್ ಮಾಡಿಸುತ್ತಾರೆ. ನೀವು ವಾಟ್ಸಾಪ್‌ನಲ್ಲಿ ಕಳಿಸುವುದು ಯೂನಿಕೋಡ್, ಅವರ ಕೋರೆಲ್ ಡ್ರಾದಲ್ಲಿ ಇರುವುದು ಹಳೇ ನುಡಿ ಫಾಂಟ್. ಅಂಟಿಸಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಪೂರ್ತಿ ವಚನ ಹಾಕಿಸುವುದಾದರೆ "ಕಾರ್ಗತ್ತಲಿನ" ಎಂಬಲ್ಲಿ ಅರ್ಕಾವೊತ್ತಿನ ಬದಲು ಒಂಬತ್ತರ ಅಂಕಿ ಕೂರಿಸುತ್ತಾರೆ, ಎಷ್ಟೋ ಕಲ್ಲುಗಳ ಮೇಲೆ ನೋಡಿದ್ದೇನೆ.

"ಇರುವದರಿಂದ" ಎಂಬುದನ್ನು ಟೈಪ್ ಮಾಡುವವರು "ಇರುವುದರಿಂದ" ಎಂದು ತಿದ್ದುತ್ತಾರೆ. ಹಳೇ ಸತ್ಯವೇದದ ರೂಪ "ವದರಿಂದ". ತಿದ್ದಿದರೂ ಅರ್ಥ ಕೆಡುವುದಿಲ್ಲ, ಅದು ನಿಮ್ಮಿಷ್ಟ.

ಕೆಡುವುದು ಕೊನೇ ಪದದಲ್ಲಿ. "ಹೆದರೆನು" ಎಂಬುದು ಹಳೇ ನಿಷೇಧರೂಪ, ಹೆದರುವುದಿಲ್ಲ ಎಂದರ್ಥ. ಈಗ ಆ ರೂಪ ಮಾತಿನಲ್ಲಿ ಇಲ್ಲವಾದ್ದರಿಂದ ಟೈಪ್ ಮಾಡುವ ಹುಡುಗರಿಗೆ ಅದು ತಪ್ಪು ಎಂದೇ ಕಾಣುತ್ತದೆ. "ಹೆದರುವೆನು" ಎಂದು ಸರಿಮಾಡಿ ಕೊಡುತ್ತಾರೆ. ಆಗ ಅಜ್ಜನ ಕಲ್ಲಿನ ಮೇಲೆ "ನೀನು ಹತ್ತಿರವಿರುವುದರಿಂದ ಕೇಡಿಗೆ ಹೆದರುವೆನು" ಎಂದಾಗುತ್ತದೆ. ಕಾಗದದ ಮೇಲೆ ಕೈಯಲ್ಲಿ ಬರೆದು ಕೊಡಿ, ಟೈಪ್ ಆದ ಮೇಲೆ ಪ್ರಿಂಟ್ ತರಿಸಿ ಸಹಿ ಹಾಕಿ ಕಳಿಸಿ, ಆಮೇಲೆ ಕಲ್ಲಿಗೆ ಕೈ ಹಚ್ಚಲಿ.

ಶಲ್ಮಲಾ:

ಅಯ್ಯೋ, ಕರಡು ಸರ್, ನೀವು ಹೇಳಿದ್ದೇ ಆಗಿದೆ. ಅಂದಾಜು ಲೆಕ್ಕಕ್ಕೆ ಅಂತ ಹೋದ ವಾರ ವಚನ ಫೋನಿನಲ್ಲೇ ಹೇಳಿದ್ದೆ. ಅವರು ಕಳಿಸಿದ ಸ್ಯಾಂಪಲ್ ಈಗ ತೆಗೆದು ನೋಡಿದೆ: "ಹೆದರುವೆನು" ಅಂತಲೇ ಇದೆ. ಮನೆಯಲ್ಲಿ ಇಷ್ಟು ಜನ ನೋಡಿದೆವು, ಎಲ್ಲರ ಕಣ್ಣೂ ಕಣಿವೆಯ ಮೇಲೇ ಇತ್ತು. ನಾಳೆ ಬೆಳಿಗ್ಗೆ ನಾನೇ ಹುಬ್ಬಳ್ಳಿಗೆ ಹೋಗುತ್ತೇನೆ. ಅರ್ಧ ವಚನಕ್ಕೆ ಅವ್ವ ಹೂಂ ಅಂದಳು. ಕಾಕಾನಿಗೆ ಮೆಸೇಜ್ ಹಾಕಿದ್ದೇನೆ, ಅಲ್ಲಿ ಈಗ ರಾತ್ರಿ.